ಕಿಲಿಮಂಜಾರೋ ಹತ್ತಿದ್ದು, ಭಾವನ್ನ ಗೈಡ್ ಇಳಿಸಿದ್ದು

ಟಾಂಜಾನಿಯಾದ ಕಿಲಿಮಂಜಾರೋಕ್ಕೆ ನಾವಾಗೇ ಬ್ಯಾಗ್ ಹಾಕ್ಕೊಂಡು ಹತ್ತೋಕೆ ಬಿಡಲ್ಲ, 1991ರಿಂದ ಅಲ್ಲಿ ರೂಲ್ಸೇ ಹಾಗೆ, ಲೈಸೆನ್ಸ್ ಇರೋ ಗೈಡ್ ಇಲ್ದೆ ಪಾರ್ಕ್ ಗೇಟ್ ದಾಟೋ ಹಾಗಿಲ್ಲ. ಇದನ್ನ ಮೊದ್ಲೇ ಹೇಳ್ತಿರೋದು ಎಂತಕ್ಕೆ ಅಂದ್ರೆ, ಬಂದ್ಮೇಲೆ ಶಿರಸಿ ಕಾರವಾರ ಕಡೆ ಸಿಕ್ಕವರೆಲ್ಲ ಕೇಳೋದು ಶೂ ಯಾವ್ದು, ಜಾಕೆಟ್ ಎಲ್ಲಿ ತಗೊಂಡ್ರಿ, ಖರ್ಚೆಷ್ಟಾಯ್ತು ಅಂತ. ಗೈಡ್ ಹೇಗಿದ್ರು ಅಂತ ಕೇಳಿದವರು ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಜೊತೆ ಬಂದಿದ್ದ ಭಾವ ಇವತ್ತು ಆರಾಮಾಗಿ ತೋಟದಲ್ಲಿ ಓಡಾಡ್ಕೊಂಡು ಇರೋದು ಆ ಗೈಡ್ ರಾತ್ರಿ ಎರಡೂವರೆ ಸುಮಾರಿಗೆ, ಆ ಚಳಿಯಲ್ಲಿ ನಿಂತು ತಗೊಂಡ ಒಂದು ತೀರ್ಮಾನದಿಂದ. ಅದಕ್ಕೇ ಇಷ್ಟು ಉದ್ದ ಬರೀತಾ ಇದೀನಿ.

ನಾನು ಶಿರಸಿ ಹತ್ರದ ಹಳ್ಳಿಯವಳು, ಈಗ ಕೆಲಸಕ್ಕೆ ಕಾರವಾರದಲ್ಲಿ ಇರೋದು. ಹೋಗಿದ್ದು ನಾನು, ನನ್ನ ಗಂಡ, ಅಕ್ಕನ ಗಂಡ ಅಂದ್ರೆ ಭಾವ, ಮತ್ತೆ ಕುಮಟಾದ ನನ್ನ ಗೆಳತಿ. ಅಲ್ಲಿ ಮಳೆ ಕಡಿಮೆ ಇರೋ ಕಾಲ ಎರಡು, ಜನವರಿಯಿಂದ ಮಾರ್ಚ್ ಶುರುವರೆಗೆ ಒಂದು, ಜೂನಿಂದ ಅಕ್ಟೋಬರ್ ವರೆಗೆ ಇನ್ನೊಂದು. ಜನವರಿ ಅಂದ್ರೆ ಭಾವಂಗೆ ಅಡಿಕೆ ಕೊಯ್ಲು, ಮನೆ ಬಿಟ್ಟು ಏಳೋಕೇ ಆಗಲ್ಲ. ಹಾಗಾಗಿ ಅಡಿಕೆಗೆ ಎರಡನೇ ಸಲದ ಕೊಳೆ ರೋಗದ ಔಷಧಿ ಹೊಡೆದು ಮುಗಿಸಿ, ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ ಸೆಪ್ಟೆಂಬರ್ ಅಂತ ತೀರ್ಮಾನ ಆಯ್ತು. ಆಯಿಗೆ ಹೇಳಿದಾಗ "ಅಷ್ಟ್ ದೂರ ಹೋಗಿ ಗುಡ್ಡ ಹತ್ತವನೇ ಕೂಸೆ, ಮನೆ ಹಿಂದಿನ ಗುಡ್ಡ ಸಾಲ್ತಿಲ್ಯನೇ?" ಅಂತ ಕೇಳಿದ್ರು. ಆದ್ರೆ ಹೊರಡೋ ದಿನ ಅವರೇ ಸುಕೇಲಿ ಅಂದ್ರೆ ಒಣಗಿಸಿದ ಬಾಳೆಹಣ್ಣು, ಅಪ್ಪೆಮಿಡಿ ಉಪ್ಪಿನಕಾಯಿ, ಬೆಲ್ಲ ಎಲ್ಲ ಕಟ್ಟಿಕೊಟ್ರು. ಆ ಸುಕೇಲಿ ಬಗ್ಗೆ ಮುಂದೆ ಹೇಳ್ತೀನಿ, ಅಂಗಡಿಯ ಎನರ್ಜಿ ಬಾರ್ ಎಲ್ಲ ಅದರ ಮುಂದೆ ಏನೂ ಅಲ್ಲ.

ಪ್ರಾಕ್ಟೀಸು ಮಾಡಿದ್ದು ಮಳೆಗಾಲದಲ್ಲೇ. ನಾನು ಮತ್ತೆ ಗಂಡ ಕಾರವಾರದಲ್ಲಿ ಬೆಳಿಗ್ಗೆ ಬೀಚಲ್ಲಿ ನಡೆಯೋದು, ರಜಾ ದಿನ ಬ್ಯಾಗಲ್ಲಿ ನೀರಿನ ಬಾಟ್ಲಿ ತುಂಬ್ಕೊಂಡು ಗುಡ್ಡಹಳ್ಳಿ ಹತ್ತೋದು. ಶಿರಸಿಗೆ ಹೋದಾಗ ಭಾವನ ಜೊತೆ ಕಾಡಲ್ಲಿ, ಉಂಬಳ ಕಿತ್ಕೊಳ್ತಾ ಕಿತ್ಕೊಳ್ತಾ. ನಮ್ಮೆಲ್ಲರಲ್ಲಿ ಗಟ್ಟಿ ಅಂದ್ರೆ ಭಾವನೇ, ಐವತ್ತರ ಹತ್ರ ಆದ್ರೂ ದಿಬ್ಬ ಹತ್ತುವಾಗ ನಮ್ಮಷ್ಟು ಏದುಸಿರು ಇಲ್ಲ, ತೋಟದಲ್ಲಿ ದಿನಾ ಹತ್ತಿ ಇಳಿದು ಮಾಡೋ ಕಾಲು ಅದು. ಆದ್ರೆ ಇಲ್ಲಿ ಎಷ್ಟೇ ಹತ್ತಿದ್ರೂ ಕಾಲಿಗೆ ಮಾತ್ರ ತಯಾರಿ. ಕಾರವಾರ ಇರೋದೇ ಸಮುದ್ರ ಮಟ್ಟದಲ್ಲಿ. ಇಡೀ ಕರ್ನಾಟಕದಲ್ಲೇ ಎತ್ತರ ಅಂದ್ರೆ ಮುಳ್ಳಯ್ಯನಗಿರಿ, 1930 ಮೀಟರ್. ನಾವು ಹತ್ತೋಕೆ ಶುರು ಮಾಡೋ ಮಚಾಮೆ ಗೇಟೇ ಹತ್ತಿರ ಹತ್ತಿರ 1800 ಮೀಟರಲ್ಲಿದೆ, ತುದಿ 5895. ಅಲ್ಲಿ ಗಾಳಿಯ ಒತ್ತಡ ನಮ್ಮ ಕಡಲ ದಂಡೆಯಲ್ಲಿ ಇರೋದರ ಅರ್ಧದಷ್ಟು, ಅಂದ್ರೆ ಒಂದು ಉಸಿರಿಗೆ ಸಿಗೋ ಆಮ್ಲಜನಕನೂ ಅರ್ಧ. ದೇಹಕ್ಕೆ ಅದನ್ನ ರೂಢಿ ಮಾಡೋಕೆ ದಿನಗಳನ್ನ ಕೊಡೋದು ಬಿಟ್ರೆ ಬೇರೆ ದಾರಿ ಇಲ್ಲ, ಮತ್ತೆ ಯಾರಿಗೆ ಆ ಎತ್ತರ ಹಿಡಿಯುತ್ತೆ ಯಾರಿಗೆ ಹಿಡಿಯಲ್ಲ ಅಂತ ಮೈಕಟ್ಟು ನೋಡಿ ಹೇಳೋಕೂ ಆಗಲ್ಲ. ಡಾಕ್ಟ್ರು ಹೊರಡೋ ಮುಂಚೆನೇ ಇದನ್ನ ಸರಿಯಾಗಿ ಬಿಡಿಸಿ ಹೇಳಿದ್ರು. ಎತ್ತರದ ತೊಂದರೆ ತಡೆಯೋಕೆ ಡಯಾಮಾಕ್ಸ್ ಮಾತ್ರೆ ಬರೆದುಕೊಟ್ರು, ಅದು ತಗೊಂಡ್ರೆ ಬೆರಳ ತುದಿ ಜುಮು ಜುಮು ಅನ್ನತ್ತೆ, ಪದೇ ಪದೇ ಮೂತ್ರಕ್ಕೆ ಹೋಗ್ಬೇಕಾಗತ್ತೆ, ಗಾಬರಿ ಆಗ್ಬೇಡಿ ಅಂತನೂ ಹೇಳಿದ್ರು.

ಕಂಪನಿ ಆರಿಸೋಕೇ ಜಾಸ್ತಿ ಟೈಮ್ ಹೋಯ್ತು. ಮೊದ್ಲು ವಿಚಾರಿಸಿದ ಒಂದು ಕಡೆ ಬಹಳ ಕಡಿಮೆ ರೇಟ್ ಹೇಳಿದ್ರು, ಆರು ದಿನದಲ್ಲಿ ಮುಗಿಸ್ತೀವಿ ಅಂದ್ರು. ನಾವು ಕೂತು ಲೆಕ್ಕ ಹಾಕಿದ್ವಿ. ಪಾರ್ಕ್ ಫೀಸ್, ಕ್ಯಾಂಪ್ ಫೀಸ್ ಅಂತನೇ ಒಬ್ಬೊಬ್ಬರಿಗೆ ದಿನಕ್ಕೆ ನೂರು ಡಾಲರ್ ಮೇಲೆ ಸರ್ಕಾರಕ್ಕೆ ಹೋಗತ್ತೆ, ಅದನ್ನ ಯಾವ ಕಂಪನಿನೂ ಕಡಿಮೆ ಮಾಡೋಕಾಗಲ್ಲ. ಹಂಗಾದ್ರೆ ರೇಟ್ ಕಮ್ಮಿ ಮಾಡೋದು ಎಲ್ಲಿಂದ? ದಿನ ಕಡಿಮೆ ಮಾಡಿ, ಇಲ್ಲಾ ಸಾಮಾನು ಹೊರೋರ ಕೂಲಿ, ಊಟ, ಟೆಂಟು ಇದರಲ್ಲಿ ಕಡಿತ ಮಾಡಿ. ಎರಡೂ ನಮಗೆ ಬೇಡ ಅನ್ನಿಸ್ತು. ಪೋರ್ಟರುಗಳಿಗೆ ಸರಿಯಾದ ಕೂಲಿ ಸಿಗ್ತಿದ್ಯಾ ಅಂತ ನೋಡೋ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಬೆಟ್ಟದ ಹತ್ರದ ಮೋಶಿ ಊರಲ್ಲಿದೆ, ಅವರ ಜೊತೆ ಸೇರಿರೋ ಕಂಪನಿಗಳ ಪಟ್ಟಿ ಸಿಗತ್ತೆ, ಅದರಿಂದನೇ ಒಂದು ಲೋಕಲ್ ಕಂಪನಿ ಹಿಡಿದ್ವಿ. ಮಚಾಮೆ ದಾರಿ, ಆರರ ಬದ್ಲು ಏಳು ದಿನದ್ದು. ಆ ಒಂದು ದಿನ ಜಾಸ್ತಿ ಇರೋದು ಕರಂಗ ಅನ್ನೋ ಕ್ಯಾಂಪಲ್ಲಿ ಒಂದು ರಾತ್ರಿ ಉಳಿಯೋಕೆ. ಬುಕ್ ಮಾಡೋ ಮುಂಚೆ ನನ್ನ ಗಂಡ ಫೋನಲ್ಲಿ ಅವರನ್ನ ಒಂದೇ ಸಮ ಕೇಳಿದ್ರು, ಕೊನೇ ರಾತ್ರಿ ಎಷ್ಟು ಜನಕ್ಕೆ ಒಬ್ಬ ಅಸಿಸ್ಟೆಂಟ್ ಗೈಡ್ ಇರ್ತಾರೆ, ಆಮ್ಲಜನಕದ ಸಿಲಿಂಡರ್ ಮೇಲಿನ ತನಕ ಬರತ್ತಾ, ಒಬ್ರಿಗೆ ಹುಷಾರಿಲ್ದೆ ಇಳಿದ್ರೆ ಉಳಿದವರು ಎಂತ ಮಾಡೋದು, ಇಳೀಬೇಕು ಅಂತ ಯಾರು ತೀರ್ಮಾನ ಮಾಡೋದು. ಕೊನೇ ಪ್ರಶ್ನೆಗೆ ಆ ಕಡೆಯವರು ಒಂದು ಕ್ಷಣನೂ ತಡ ಮಾಡ್ದೆ "ಹೆಡ್ ಗೈಡ್, ಅವರ ಮಾತೇ ಕೊನೆ" ಅಂದ್ರು. ಆ ಉತ್ತರ ಕೇಳಿಯೇ ನಾವು ದುಡ್ಡು ಕಳಿಸಿದ್ದು.

ಪ್ರಯಾಣ ಬೇಗ ಹೇಳಿ ಮುಗಿಸ್ತೀನಿ. ಕಾರವಾರದಿಂದ ಮತ್ಸ್ಯಗಂಧದಲ್ಲಿ ಮುಂಬೈ, ಅಲ್ಲಿಂದ ಅಡಿಸ್ ಅಬಾಬಾ, ಅಲ್ಲಿ ವಿಮಾನ ಬದಲಾಯಿಸಿ ಕಿಲಿಮಂಜಾರೋ ಏರ್‌ಪೋರ್ಟ್. ವೀಸಾ ಆನ್‌ಲೈನಲ್ಲೇ ಆಗತ್ತೆ. ಪ್ಲಾಸ್ಟಿಕ್ ಕೈಚೀಲ ಒಂದೂ ಒಯ್ಬೇಡಿ, ಆ ದೇಶದಲ್ಲಿ 2019ರಿಂದ ನಿಷೇಧ. ಮೋಶಿ ಊರಲ್ಲಿ ಹೋಟೆಲಲ್ಲಿ ಚಪಾತಿ, ಚಾಯ್ ಅಂತ ಕೇಳಿದ್ರೆ ಅದೇ ಹೆಸರಲ್ಲಿ ಸಿಗತ್ತೆ, ಗೆಳತಿಗೆ ಅರ್ಧ ಚಿಂತೆ ಅಲ್ಲೇ ಹೋಯ್ತು.

ಮೋಶಿಯಿಂದ ಗೇಟಿಗೆ ಹೋಗೋ ದಾರಿಯಲ್ಲಿ ಭಾವ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಬೆಟ್ಟದ ಬುಡದಲ್ಲಿ ಚಾಗಾ ಜನರ ಊರುಗಳು, ಮನೆ ಸುತ್ತ ದೊಡ್ಡ ಮರಗಳ ನೆರಳು, ಅದರ ಕೆಳಗೆ ಬಾಳೆ, ಬಾಳೆ ಕೆಳಗೆ ಕಾಫಿ, ನಡುವೆ ಬೆಟ್ಟದಿಂದ ಇಳಿಸಿಕೊಂಡು ಬಂದ ನೀರಿನ ಕಾಲುವೆ. ನಮ್ಮ ಕಡೆ ಅಡಿಕೆ, ಬಾಳೆ, ಮೆಣಸು, ಏಲಕ್ಕಿ ಅಂತ ಒಂದರ ಕೆಳಗೊಂದು ಹಾಕೋ ತೋಟದ ಹಾಗೇನೇ, ಅಡಿಕೆ ಒಂದು ಇಲ್ಲ. "ಕಾಲುವೆ ಯಾರು ಸವರ್ತ ಕೇಳೆ" ಅಂತ ನಂಗೆ ಹೇಳಿದ್ರು, ನಾನು ಡ್ರೈವರ್ ಹತ್ರ ಕೇಳಿದೆ, ಊರವರೆಲ್ಲ ಸೇರಿ ಮಾಡ್ತಾರೆ ಅಂದ್ರು. ಭಾವಂಗೆ ಬೆಟ್ಟಕ್ಕಿಂತ ಮೊದ್ಲು ಆ ಊರಿನ ಮೇಲೆ ಪ್ರೀತಿ ಹುಟ್ಟಿಬಿಡ್ತು.

ಗೇಟಲ್ಲಿ ಹೆಸರು ಬರೆಸೋದು, ಸಾಮಾನು ತೂಕ ಹಾಕೋದು ಇದಕ್ಕೇ ಮಧ್ಯಾಹ್ನ ಆಗತ್ತೆ. ಒಬ್ಬ ಪೋರ್ಟರ್ ಇಪ್ಪತ್ತು ಕೆಜಿ ಮೇಲೆ ಹೊರೋ ಹಾಗಿಲ್ಲ, ಅವರ ಸ್ವಂತ ಬಟ್ಟೆಬರೆನೂ ಅದರೊಳಗೇ ಬರ್ಬೇಕು, ಹಾಗಾಗಿ ನಮ್ಮ ದೊಡ್ಡ ಬ್ಯಾಗ್ ಹದಿನೈದು ಕೆಜಿ ಒಳಗಿರ್ಬೇಕು. ನಾವು ನಾಲ್ಕು ಜನ ಹತ್ತೋಕೆ ಗೈಡ್, ಅಸಿಸ್ಟೆಂಟ್ ಗೈಡ್, ಅಡುಗೆಯವರು, ಪೋರ್ಟರ್ ಎಲ್ಲ ಸೇರಿ ಒಂದು ಸಣ್ಣ ಮದುವೆ ದಿಬ್ಬಣದಷ್ಟು ಜನ. ಟೆಂಟು, ಗ್ಯಾಸು, ಮೊಟ್ಟೆ, ತರಕಾರಿ, ಕುರ್ಚಿ, ಟಾಯ್ಲೆಟ್ಟು, ಎಲ್ಲನೂ ಮನುಷ್ಯರ ತಲೆ ಮತ್ತೆ ಬೆನ್ನ ಮೇಲೇ ಹೋಗೋದು, ಈ ದಾರಿಯಲ್ಲಿ ಕತ್ತೆ ಕುದುರೆ ಏನೂ ಇಲ್ಲ.

ಮೊದಲ ದಿನ ಪೂರ್ತಿ ಮಳೆಕಾಡು, ಪಾಚಿ ಕಟ್ಟಿದ ಮರ, ಜಾರೋ ಕೆಸರು, ನಮಗೆ ಅದು ಹೊಸದೇ ಅಲ್ಲ, ಉಂಬಳ ಇಲ್ಲ ಅನ್ನೋದೇ ಖುಷಿ. ಹೆಡ್ ಗೈಡ್ ನಮ್ಮೆಲ್ಲರಿಗಿಂತ ಮುಂದೆ, ಎಷ್ಟು ನಿಧಾನ ನಡೀತಾರೆ ಅಂದ್ರೆ ಒಂದು ಹೆಜ್ಜೆ ಇಟ್ಟು ಇನ್ನೊಂದು ಇಡೋದ್ರೊಳಗೆ ನಾನು ಸುತ್ತ ನೋಡಿ ಮುಗಿಸ್ತಿದ್ದೆ. ಪೋಲೆ ಪೋಲೆ, ಅಂದ್ರೆ ನಿಧಾನ ನಿಧಾನ ಅಂತಾನೇ ಇರ್ತಾರೆ. ಭಾವ ಮುಂದೆ ಹೋಗೋಕೆ ನೋಡಿದ್ರೆ ಕೈ ಅಡ್ಡ ಹಿಡಿಯೋರು. ಅಷ್ಟು ನಿಧಾನ ಹೋದ್ರೂ ಮಚಾಮೆ ಕ್ಯಾಂಪ್ ಮುಟ್ಟುವಾಗ ಸಾವಿರ ಮೀಟರ್ ಮೇಲೆ ಹತ್ತಿರ್ತೀವಿ, 2835 ಮೀಟರ್. ನಾವು ಹೋಗೋವಷ್ಟರಲ್ಲಿ ನಮ್ಮನ್ನ ದಾಟಿ ಹೋದ ಪೋರ್ಟರುಗಳು ಟೆಂಟ್ ಹಾಕಿ, ಬಿಸಿನೀರು ಕಾಯಿಸಿ ಇಟ್ಟಿದ್ರು.

ದಿನಾ ಸಂಜೆ ಊಟಕ್ಕೆ ಮುಂಚೆ ಒಂದು ಕೆಲಸ ತಪ್ಪಿದ್ದಿಲ್ಲ. ಹೆಡ್ ಗೈಡ್ ಒಂದು ಹಳೇ ನೋಟ್‌ಬುಕ್ ಹಿಡ್ಕೊಂಡು ಬರೋರು, ಬೆರಳಿಗೆ ಆಕ್ಸಿಮೀಟರ್ ಹಾಕಿ ಆಮ್ಲಜನಕ ಎಷ್ಟಿದೆ, ನಾಡಿ ಎಷ್ಟು ಬಡೀತಿದೆ ಅಂತ ಬರ್ಕೊಳ್ಳೋರು, ಆಮೇಲೆ ಒಬ್ಬೊಬ್ಬರನ್ನೇ ಕೇಳೋರು, ತಲೆನೋವಿದ್ಯಾ, ವಾಂತಿ ಬರೋ ಹಾಗಾಗತ್ತಾ, ಊಟ ಸೇರ್ತಿದ್ಯಾ, ನಿದ್ದೆ ಬಂತಾ, ಎಷ್ಟು ಲೀಟರ್ ನೀರು ಕುಡಿದ್ರಿ. ಉತ್ತರ ಕೇಳೋವಾಗ ನಮ್ಮ ಮುಖನೇ ನೋಡ್ತಿರೋರು. ಊಟ ಹಾಕೋವಾಗ ಅಡುಗೆಯವರು ಯಾರ ತಟ್ಟೆಯಲ್ಲಿ ಎಷ್ಟು ಉಳೀತು ಅಂತ ನೋಡಿ ಅವರಿಗೆ ಹೋಗಿ ಹೇಳ್ತಾರೆ ಅಂತ ಆಮೇಲೆ ಗೊತ್ತಾಯ್ತು. ಎತ್ತರಕ್ಕೆ ಮೊದ್ಲು ಹೋಗೋದೇ ಹಸಿವು.

ಎರಡನೇ ದಿನ ಕಾಡು ಮುಗಿದು ಕುರುಚಲು ಗಿಡ, ಕಲ್ಲು, ಶಿರಾ ಕ್ಯಾಂಪ್ ಮುಟ್ಟಿದಾಗ ಮೋಡ ನಮ್ಮ ಕೆಳಗಡೆ. ಕಿಲಿಮಂಜಾರೋ ಅನ್ನೋದು ಒಂದೇ ಬೆಟ್ಟ ಅಲ್ಲ, ಶಿರಾ, ಮಾವೆಂಜಿ, ಕಿಬೋ ಅಂತ ಮೂರು ಜ್ವಾಲಾಮುಖಿ ಸೇರಿ ಆಗಿರೋದು, ಶಿರಾ ಕುಸಿದು ಬಯಲಾಗಿದೆ, ಕಿಬೋ ಮೇಲೇ ಆ ತುದಿ ಇರೋದು. ಕ್ಯಾಂಪಲ್ಲಿ ಕುತ್ತಿಗೆ ಹತ್ರ ಬಿಳಿ ಇರೋ ದೊಡ್ಡ ಕಾಗೆಗಳು ನಮ್ಮ ಬಿಸ್ಕಿಟ್ ಪ್ಯಾಕೆಟ್ ಕಾಯ್ತಾ ಕೂತಿರ್ತವೆ.

ಮೂರನೇ ದಿನ ಮುಖ್ಯವಾದ್ದು. ಲಾವಾ ಟವರ್ ಅಂತ ಒಂದು ದೊಡ್ಡ ಕಲ್ಲಿನ ಗೋಪುರ, 4600 ಮೀಟರ್ ಮೇಲಿದೆ, ಅಲ್ಲಿ ತನಕ ಹತ್ತಿಸಿ, ಊಟ ಮಾಡಿಸಿ, ಮತ್ತೆ 3976 ಮೀಟರಿನ ಬರಾಂಕೋ ಕ್ಯಾಂಪಿಗೆ ಇಳಿಸಿ ಮಲಗಿಸ್ತಾರೆ. ಎತ್ತರ ತೋರಿಸಿ ವಾಪಸ್ ತಗ್ಗಿಗೆ ತಂದು ಮಲಗಿಸಿದ್ರೆ ದೇಹ ಬೇಗ ಹೊಂದ್ಕೊಳ್ಳತ್ತೆ. ಲಾವಾ ಟವರ್ ಹತ್ರ ನಂಗೆ ತಲೆ ಹಿಡ್ಕೊಂಡು ಬಿಗಿದ ಹಾಗಾಯ್ತು, ಗಂಡಂಗೆ ವಾಂತಿ ಆಯ್ತು, ಗೆಳತಿ ಮಾತೇ ಆಡ್ಲಿಲ್ಲ. ಭಾವ ಒಬ್ರು ಎರಡು ಸಲ ಸೂಪ್ ಹಾಕಿಸ್ಕೊಂಡು ಕುಡಿದ್ರು, ನಮಗೆ ಸುಕೇಲಿ ಹರಿದು ಹರಿದು ಕೊಟ್ರು. ಏನೂ ಸೇರದೆ ಇದ್ದಾಗ ಆ ಸುಕೇಲಿ ತುಂಡು ಬಾಯಲ್ಲಿ ಇಟ್ಕೊಂಡ್ರೆ ನಿಧಾನ ಕರಗತ್ತೆ, ಹೊಟ್ಟೆ ತೊಳಸಲ್ಲ, ಚಳಿಗೆ ಕಲ್ಲಾಗಲ್ಲ. ಇಳೀತಾ ಇಳೀತಾ ತಲೆನೋವು ಹೋಯ್ತು. ಬರಾಂಕೋ ಕಣಿವೆಯಲ್ಲಿ ಆಳೆತ್ತರ ದಾಟಿ ಬೆಳೆದ ಜೈಂಟ್ ಗ್ರೌಂಡ್ಸೆಲ್ ಅನ್ನೋ ಗಿಡಗಳು, ಕಾಂಡಕ್ಕೆ ಒಣಗಿದ ಎಲೆಗಳದ್ದೇ ಹೊದಿಕೆ, ತುದಿಯಲ್ಲಿ ಹಸಿರು ಗೊಂಚಲು. ಸತ್ತ ಎಲೆ ಉದುರಿಸಲ್ಲ, ರಾತ್ರಿ ಚಳಿಗೆ ಅದೇ ಅದರ ಕಂಬಳಿ ಅಂತ ಗೈಡ್ ತೋರಿಸಿದ್ರು. ಆ ಜಾತಿ ಇರೋದೇ ಆ ಬೆಟ್ಟದಲ್ಲಿ.

ಮಾರನೇ ಬೆಳಿಗ್ಗೆ ಬರಾಂಕೋ ಗೋಡೆ. ದೂರದಿಂದ ನೋಡಿದ್ರೆ ಇದನ್ನ ಹತ್ತೋದು ಹೇಗೆ ಅನ್ಸತ್ತೆ, ಹತ್ರ ಹೋದ್ರೆ ದಾರಿ ಕಾಣತ್ತೆ, ಸುಮಾರು 250 ಮೀಟರ್, ಕೈ ಕಾಲು ಎರಡೂ ಬಳಸ್ಬೇಕು, ಹಗ್ಗ ಬೇಡ. ಒಂದು ಕಡೆ ಬಂಡೆಯನ್ನ ತಬ್ಕೊಂಡೇ ದಾಟ್ಬೇಕು. ನಾವು ಅಲ್ಲಿ ಎರಡೂ ಕೈಲಿ ಕಲ್ಲು ಹಿಡ್ಕೊಂಡಿರುವಾಗ ಪಕ್ಕದಲ್ಲೇ ಒಬ್ಬ ಹುಡುಗ ತಲೆ ಮೇಲೆ ಮೂಟೆ ಇಟ್ಕೊಂಡು, ಒಂದೇ ಕೈಲಿ ಹಿಡಿದು ದಾಟಿ ಹೋದ. ಭಾವ ನಿಂತು ನೋಡಿದ್ರು, ನಮ್ಮ ಅಡಿಕೆ ಕೊಯ್ಯೋ ಕೊನೆಗೌಡರು ಮರದಿಂದ ಮರಕ್ಕೆ ದಾಟೋವಾಗ ಹೀಗೇ ಉಸಿರು ಹಿಡಿದು ನೋಡೋದು ನಾವು ಅಂದ್ರು.

ಆ ದಿನ ಉಳಿದಿದ್ದು ಕರಂಗ. ಆ ಕಣಿವೆಯಲ್ಲಿ ಹರಿಯೋ ನೀರೇ ಕೊನೇದು, ಅಲ್ಲಿಂದ ಮೇಲೆ ಬರಾಫು ಕ್ಯಾಂಪಲ್ಲಿ ಹನಿ ನೀರಿಲ್ಲ. ನಾವು ಬರಾಫುದಲ್ಲಿ ಕುಡಿದ ಚಹಾ, ಸೂಪು, ರಾತ್ರಿ ಬಾಟ್ಲಿಗೆ ತುಂಬ್ಕೊಂಡ ಬಿಸಿನೀರು, ಅಷ್ಟನ್ನೂ ಪೋರ್ಟರುಗಳು ಈ ಕಣಿವೆಯಿಂದ ಹೊತ್ತು 4673 ಮೀಟರ್ ತನಕ ತಂದಿದ್ದು. ಇದು ಗೊತ್ತಾದ ಮೇಲೆ ಮುಖ ತೊಳೆಯೋಕೆ ಅಂತ ಕೊಟ್ಟ ನೀರನ್ನ ಅಲ್ಲಿ ನಮ್ಮ ಯಾರ ಕೈಲೂ ಚೆಲ್ಲೋಕೆ ಆಗ್ಲಿಲ್ಲ.

ಬರಾಫು ಅಂದ್ರೆ ಬರೀ ಕಲ್ಲು, ಗಾಳಿ. ಸಂಜೆ ಬೇಗ ಊಟ ಕೊಟ್ಟು ಮಲಗಿ ಅಂತಾರೆ, ನಿದ್ದೆ ಎಲ್ಲಿ ಬರತ್ತೆ. ಆ ಸಂಜೆ ಚೆಕ್ ಮಾಡುವಾಗ ನಂಗೆ ಆಮ್ಲಜನಕ 81 ಇತ್ತು, ಭಾವಂದು ಅದಕ್ಕಿಂತ ಕಡಿಮೆ, ಆದ್ರೆ ಆ ಎತ್ತರಕ್ಕೆ ಅದು ತೀರಾ ಕೆಟ್ಟದ್ದೇನಲ್ಲ ಅಂತ ಹೇಳಿದ್ರು. ತಲೆನೋವು ಇದ್ಯಾ ಅಂದಿದ್ದಕ್ಕೆ ಭಾವ ಇಲ್ಲ ಅಂದ್ರು. ತಟ್ಟೆಯಲ್ಲಿ ಅನ್ನ ಅರ್ಧ ಹಾಗೇ ಇತ್ತು, ಗೈಡ್ ನೋಟ್‌ಬುಕ್ಕಲ್ಲಿ ಅದನ್ನೂ ಬರ್ಕೊಂಡ್ರು.

ರಾತ್ರಿ ಹನ್ನೊಂದಕ್ಕೆ ಎಬ್ಬಿಸಿದ್ರು. ರಾತ್ರಿನೇ ಹೊರಡೋದು ಎಂತಕ್ಕೆ ಅಂತ ಬಹಳ ಜನ ಕೇಳ್ತಾರೆ, ಮೇಲಿನ ಸಡಿಲ ಜಲ್ಲಿ ಮಣ್ಣು ರಾತ್ರಿ ಹೆಪ್ಪುಗಟ್ಟಿ ಗಟ್ಟಿ ಇರತ್ತೆ, ಬೆಳಿಗ್ಗೆ ಹೊತ್ತು ಆಕಾಶ ತಿಳಿ ಇರತ್ತೆ, ಮತ್ತೆ ತುದಿಯಿಂದ ಅದೇ ದಿನ ಎರಡೂವರೆ ಸಾವಿರ ಮೀಟರ್ ಮೇಲೆ ಇಳೀಬೇಕಲ್ಲ, ಹಗಲು ಬೇಕು. ಮೈಮೇಲೆ ಐದು ಪದರ ಬಟ್ಟೆ, ಕೈಗೆ ಎರಡೆರಡು ಗ್ಲೌಸು. ನೀರಿನ ಬಾಟ್ಲಿ ತಲೆಕೆಳಗು ಮಾಡಿ ಇಟ್ಕೊಳ್ಳೋಕೆ ಹೇಳಿದ್ರು, ನೀರು ಮೇಲಿಂದ ಹೆಪ್ಪುಗಟ್ಟೋದು, ಹಾಗೆ ಇಟ್ರೆ ಮುಚ್ಚಳದ ಕಡೆ ನೀರು ನೀರಾಗೇ ಉಳಿಯತ್ತೆ. ಹಣೆಗೆ ದೀಪ ಕಟ್ಕೊಂಡು ಮುಂದಿನವರ ಹಿಮ್ಮಡಿ ನೋಡ್ತಾ ನಡೆಯೋದು, ಅಷ್ಟೇ. ಮೇಲೆ ನೋಡಿದ್ರೆ ನಮಗಿಂತ ಮುಂಚೆ ಹೊರಟವರ ದೀಪ ಸಾಲಾಗಿ ನಕ್ಷತ್ರದ ತನಕ ಹೋದ ಹಾಗೆ ಕಾಣತ್ತೆ, ಅದನ್ನ ನೋಡಿದ್ರೆ ಕಾಲೇ ಸೋಲತ್ತೆ, ಹಾಗಾಗಿ ನೋಡ್ಬೇಡಿ ಅಂತಾರೆ.

ಭಾವ ನನ್ನ ಹಿಂದೆ ಇದ್ರು. ನಂಗೆ ಏನೂ ಗೊತ್ತಾಗಿರ್ಲಿಲ್ಲ, ಆ ಚಳಿಯಲ್ಲಿ ನನ್ನ ಉಸಿರೇ ನಂಗೆ ಹೆಚ್ಚಾಗಿತ್ತು. ಮುಂದೆ ಇದ್ದ ಹೆಡ್ ಗೈಡ್ ಒಮ್ಮೆ ನಿಂತು ನಮ್ಮೆಲ್ಲರನ್ನೂ ದಾಟಿಸಿ ಹಿಂದೆ ಹೋದ್ರು, ಭಾವನ ಪಕ್ಕ ಸ್ವಲ್ಪ ಹೊತ್ತು ನಡೆದ್ರು, ಆಮೇಲೆ ಎಲ್ಲರನ್ನೂ ನಿಲ್ಲಿಸಿದ್ರು. ಭಾವನ ಕೋಲು ನೆಲದ ಬದ್ಲು ತಮ್ಮ ಶೂಗೇ ಎರಡು ಮೂರು ಸಲ ತಾಗಿದ್ದು ಸದ್ದಿನಲ್ಲೇ ಅವರಿಗೆ ಗೊತ್ತಾಗಿತ್ತಂತೆ. ಸ್ವಲ್ಪ ಸಮ ಜಾಗ ನೋಡಿ, ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಸ್ತಾ ನೇರ ಗೆರೆಯಲ್ಲಿ ನಡೀರಿ ಅಂದ್ರು. ನಾಲ್ಕನೇ ಹೆಜ್ಜೆಗೆ ಭಾವ ಪಕ್ಕಕ್ಕೆ ವಾಲಿದ್ರು. ಮತ್ತೆ ಮಾಡ್ಸಿದ್ರು, ಮತ್ತೆ ವಾಲಿದ್ರು. ದೀಪ ಮುಖಕ್ಕೆ ಹಿಡಿದು ನಿಮ್ಮ ಊರು ಯಾವ್ದು, ಮಕ್ಕಳ ಹೆಸರೇನು ಅಂತ ಕೇಳಿದ್ರು, ಹೇಳಿದ್ರು, ಆದ್ರೆ ಪ್ರತಿ ಉತ್ತರಕ್ಕೂ ಮೊದ್ಲು ಒಂದು ತಡ. ನಂಗೆ ಎದೆ ಝಲ್ ಅಂತು. ಎತ್ತರದಲ್ಲಿ ಮಿದುಳಿಗೆ ನೀರು ತುಂಬ್ಕೊಂಡು ಬಾವು ಬರೋದ್ರ ಮೊದಲ ಲಕ್ಷಣನೇ ಈ ತೋಲ ತಪ್ಪೋದು, ತಡ ಮಾಡಿದ್ರೆ ಪ್ರಾಣಕ್ಕೇ ಬರತ್ತೆ, ಮದ್ದು ಅಂದ್ರೆ ಕೂಡಲೇ ಇಳಿಯೋದು, ಡಾಕ್ಟ್ರು ಹೇಳಿದ್ದು ಅಕ್ಷರ ಅಕ್ಷರ ನೆನಪಿಗೆ ಬಂತು.

ಭಾವ ಒಪ್ಪಲೇ ಇಲ್ಲ. "ಎಂತದೂ ಆಜಿಲ್ಲೆ ನಂಗೆ, ನಿಂಗ ಹೇಳು ಅವಂಗೆ" ಅಂತ ನನ್ನ ಕೈ ಹಿಡ್ಕೊಂಡ್ರು. ವರ್ಷದಿಂದ ಕಾದಿದ್ದು, ದುಡ್ಡು ಹಾಕಿದ್ದು, ಮೇಲಿನ ದೀಪಗಳು ಅಷ್ಟು ಹತ್ರ ಕಾಣ್ತಿದ್ದಿದ್ದು, ನಂಗೂ ಒಂದು ಕ್ಷಣ ಹೊಟ್ಟೆ ಕಿವುಚಿದ ಹಾಗಾಯ್ತು. ಗೈಡ್ ದನಿ ಏರಿಸ್ಲಿಲ್ಲ. ಭಾವನ ಹೆಗಲ ಮೇಲೆ ಕೈಯಿಟ್ಟು, ಬೆಟ್ಟ ಇಲ್ಲೇ ಇರತ್ತೆ, ನೀವು ಈಗ ಇಳೀತೀರಿ, ನಾನು ಕೇಳ್ತಾ ಇಲ್ಲ, ಹೇಳ್ತಾ ಇದೀನಿ ಅಂದ್ರು. ಅಸಿಸ್ಟೆಂಟ್ ಗೈಡ್ ಒಬ್ರು ಆಗ್ಲೇ ಭಾವನ ಬ್ಯಾಗ್ ತಮ್ಮ ಎದೆಗೆ ಹಾಕ್ಕೊಂಡಿದ್ರು, ಸಿಲಿಂಡರ್ ತೆಗೆದು ಮಾಸ್ಕ್ ಕಟ್ಟಿದ್ರು. ನಾನೂ ಇಳೀತೀನಿ ಅಂದೆ. ನೀವು ಇಳಿದ್ರೆ ಅವರಿಗೆ ಸಹಾಯ ಏನೂ ಜಾಸ್ತಿ ಆಗಲ್ಲ, ನಿಮ್ಮನ್ನ ನೋಡ್ಕೊಳ್ಳೋಕೆ ಇನ್ನೊಬ್ಬ ಬೇಕಾಗತ್ತೆ, ಕೆಳಗಿಂದ ರೇಡಿಯೋದಲ್ಲಿ ಹೇಳಿಸ್ತೀನಿ ಅಂದ್ರು. ಎರಡು ದೀಪ ಕೆಳಗೆ ಹೋದ್ವು, ನಾವು ಮೇಲೆ ಹತ್ತಿದ್ವಿ. ಒಂದು ಗಂಟೆ ಚಿಲ್ಲರೆ ಆದ್ಮೇಲೆ ರೇಡಿಯೋ ಗರಗರ ಅಂತು, ಗೈಡ್ ತಿರುಗಿ ಹೆಬ್ಬೆರಳು ತೋರಿಸಿದ್ರು, ಕ್ಯಾಂಪ್ ಮುಟ್ಟಿದಾರೆ, ಮಾತು ಸರಿ ಆಡ್ತಿದಾರೆ, ಇನ್ನೂ ಕೆಳಗೆ ಕರ್ಕೊಂಡು ಹೋಗ್ತಿದಾರೆ. ಆಮೇಲೇ ನಂಗೆ ಚಳಿ ಇದೆ ಅಂತ ಗೊತ್ತಾಗಿದ್ದು.

ಸ್ಟೆಲ್ಲಾ ಪಾಯಿಂಟ್ 5756 ಮೀಟರ್, ಅಲ್ಲಿಗೆ ಜ್ವಾಲಾಮುಖಿಯ ಅಂಚು ಮುಟ್ಟಿದ ಹಾಗೆ. ಅಲ್ಲಿ ಮುಟ್ಟುವಾಗ ಮಾವೆಂಜಿ ಹಿಂದಿಂದ ಬೆಳಕು ಬಂತು, ಶುಂಠಿ ಹಾಕಿದ ಚಹಾ ಕೊಟ್ರು. ಅಲ್ಲಿಂದ ಉಹುರು ತುದಿಗೆ ಏರು ಕಮ್ಮಿ, ಆದ್ರೆ ಹತ್ತು ಹೆಜ್ಜೆಗೆ ಒಂದ್ಸಲ ನಿಂತು ಕೋಲಿನ ಮೇಲೆ ಬಾಗಿ ಉಸಿರು ಎಳ್ಕೊಳ್ಬೇಕು. ಎಡಗಡೆ ಹಿಮದ ಗೋಡೆ, ಬೆಳಿಗ್ಗೆ ಬೆಳಕಿಗೆ ನೀಲಿ. ನೋಡೋಕೆ ಚಂದ ಇತ್ತು ಆದ್ರೆ ಮನಸ್ಸಿಗೆ ಹಿತ ಆಗ್ಲಿಲ್ಲ, 1912ರಲ್ಲಿ ಇದ್ದ ಹಿಮದಲ್ಲಿ ನೂರಕ್ಕೆ ಎಂಬತ್ತರ ಮೇಲೆ 2007ರ ಹೊತ್ತಿಗೇ ಹೋಗಿತ್ತು, ನಮ್ಮ ಗೈಡ್ ತಾವು ಪೋರ್ಟರ್ ಆಗಿ ಬರ್ತಿದ್ದ ಕಾಲಕ್ಕೆ ಹಿಮ ದಾರಿಯ ಎಷ್ಟು ಹತ್ರ ಇತ್ತು ಅಂತ ಕೋಲಲ್ಲಿ ತೋರಿಸಿದ್ರು. 1889ರಲ್ಲಿ ಹಾನ್ಸ್ ಮೇಯರ್, ಲುಡ್ವಿಗ್ ಪುರ್ಟ್‌ಶೆಲ್ಲರ್ ಮೊದ್ಲು ಇಲ್ಲಿಗೆ ಬಂದಾಗ ಮೇಲಿನ ಭಾಗದಲ್ಲಿ ಹಿಮದಲ್ಲಿ ಮೆಟ್ಟಿಲು ಕಡ್ಕೊಂಡು ಹತ್ತಿದ್ರಂತೆ, ನಾವು ನಡೆದಿದ್ದು ಧೂಳಲ್ಲಿ. ತುದಿಯಲ್ಲಿ ಬೋರ್ಡ್ ಹತ್ರ ಫೋಟೋಕ್ಕೆ ಸಾಲು, ಗೆಳತಿ ಅಳ್ತಾ ಇದ್ಲು, ಗಂಡ ಕೂತ್ಬಿಟ್ರು. ಹದಿನೈದು ನಿಮಿಷಕ್ಕೆ ಗೈಡ್ ಹೊರಡಿಸಿದ್ರು, ಮೇಲೆ ಜಾಸ್ತಿ ಹೊತ್ತು ಇರೋ ಹಾಗಿಲ್ಲ.

ಇಳಿಯೋದೇ ಮೈಯನ್ನ ಜಾಸ್ತಿ ಮುರಿಯೋದು. ಸಡಿಲ ಜಲ್ಲಿಯಲ್ಲಿ ಹಿಮ್ಮಡಿ ಊರಿ ಜಾರ್ತಾ ಬರಾಫು ತನಕ, ಒಂದು ಗಂಟೆ ಮಲಗಿ, ಮತ್ತೆ 3100 ಮೀಟರಿನ ಮ್ವೇಕಾ ಕ್ಯಾಂಪ್. ಮೊಣಕಾಲು ಎರಡೂ ಬೇರೆಯವರದ್ದೇನೋ ಅನ್ನೋ ಹಾಗಾಗಿತ್ತು. ಭಾವ ಮ್ವೇಕಾದಲ್ಲಿ ಟೆಂಟಿನ ಹೊರಗೆ ಕುರ್ಚಿ ಹಾಕ್ಕೊಂಡು ಕೂತಿದ್ರು, ಉಪ್ಪಿನಕಾಯಿ ಹಚ್ಕೊಂಡು ಉಗಾಲಿ ತಿಂತಾ ಇದ್ರು, ಅಂದ್ರೆ ಅಲ್ಲಿಯವರ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಪೋರ್ಟರುಗಳ ಜೊತೆ ಅದೇ ತಟ್ಟೆಯಿಂದ. ಒಬ್ಬ ಹುಡುಗ ಅಪ್ಪೆಮಿಡಿ ಇಡೀದೇ ಬಾಯಿಗೆ ಹಾಕ್ಕೊಂಡು ಕಣ್ಣು ಮುಚ್ಚಿದ್ದ. ಭಾವ ನನ್ನ ನೋಡಿ ಮೊದ್ಲು ಕೇಳಿದ್ದು "ಮುಟ್ಟಿದ್ಯ?" ಅಂತ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು "ಕಾಲು ಎಲ್ಲಿ ಇಡ್ತೆ ಹೇಳಿ ಗೊತ್ತಾಗ್ತಿತ್ತಿಲ್ಲೆ ನಂಗೆ, ಗೊತ್ತಾಗ್ತಿಲ್ಲೆ ಅನ್ನದೂ ಗೊತ್ತಾಗ್ತಿತ್ತಿಲ್ಲೆ" ಅಂದ್ರು. ಮೋಶಿಗೆ ಇಳಿದ ಕೂಡ್ಲೇ ಆಸ್ಪತ್ರೆಯಲ್ಲಿ ತೋರಿಸಿದ್ವಿ, ಬೇಗ ಇಳಿಸಿದ್ದಕ್ಕೆ ಏನೂ ಉಳಿದಿಲ್ಲ ಅಂದ್ರು.

ಕೊನೇ ದಿನ ಮ್ವೇಕಾ ಗೇಟಲ್ಲಿ ತುದಿ ಮುಟ್ಟಿದವರಿಗೆ ಸರ್ಟಿಫಿಕೇಟ್ ಕೊಡ್ತಾರೆ. ಅದಕ್ಕಿಂತ ಮುಂಚೆ ಟಿಪ್ಸ್ ಕೊಡೋ ಪದ್ಧತಿ ಇದೆ, ಇದನ್ನ ಖರ್ಚಿನ ಲೆಕ್ಕದಲ್ಲಿ ಮೊದ್ಲೇ ಸೇರಿಸ್ಕೊಳ್ಳಿ. ಒಬ್ರ ಕೈಗೆ ಒಟ್ಟು ದುಡ್ಡು ಕೊಟ್ಟು ಹಂಚ್ಕೊಳ್ಳಿ ಅನ್ನೋದಕ್ಕಿಂತ ಯಾರಿಗೆ ಎಷ್ಟು ಅಂತ ಎಲ್ಲರೆದುರು ಓದಿ, ಒಬ್ಬೊಬ್ಬರ ಕೈಗೇ ಕೊಡೋದು ಒಳ್ಳೇದು, ನಾವು ಹಾಗೇ ಮಾಡಿದ್ವಿ. ಕರಂಗದಿಂದ ನೀರು ಹೊತ್ತವರನ್ನ ಭಾವ ಗುರುತು ಇಟ್ಕೊಂಡಿದ್ರು, ಅವರಿಗೆ ತಮ್ಮ ಕಡೆಯಿಂದ ಬೇರೆ ಕೊಟ್ರು, ತಮ್ಮ ಒಳ್ಳೇ ಗ್ಲೌಸು ಮತ್ತೆ ದಪ್ಪ ಜಾಕೆಟ್ ಇಳಿಸಿಕೊಂಡು ಹೋದ ಅಸಿಸ್ಟೆಂಟ್ ಗೈಡಿಗೆ.

ಹೋಗೋರಿಗೆ ನಾನು ಹೇಳೋದು, ಶೂ ಹೊಸದಾದ್ರೆ ಒಂದು ಮಳೆಗಾಲ ಹಾಕಿ ಪಳಗಿಸಿ, ಚಳಿ ಬಟ್ಟೆ ಮತ್ತೆ ಸ್ಲೀಪಿಂಗ್ ಬ್ಯಾಗ್ ಮೋಶಿಯಲ್ಲೇ ಬಾಡಿಗೆಗೆ ಸಿಗತ್ತೆ, ಅಲ್ಲಿ ದುಡ್ಡು ಉಳಿಸಿ. ದಿನದಲ್ಲಿ ಉಳಿಸ್ಬೇಡಿ. ಗೈಡ್ ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ, ತಲೆನೋವು ಮುಚ್ಚಿಟ್ರೆ ಅವರಿಗೆ ನಿಮ್ಮನ್ನ ಕಾಯೋಕೆ ಇರೋ ಒಂದು ದಾರಿ ಮುಚ್ಚಿ ಹೋಗತ್ತೆ. ಭಾವ ಈಗ ಡಾಕ್ಟ್ರ ಹತ್ರ ಕೇಳ್ಕೊಂಡು ಮತ್ತೆ ಹೋಗೋ ಯೋಚನೆಯಲ್ಲಿದ್ದಾರೆ, ಈ ಸಲ ಪಶ್ಚಿಮದಿಂದ ಹೋಗೋ ಲೆಮೋಶೋ ದಾರಿ, ಅದರಲ್ಲಿ ಎಂಟು ದಿನ ಸಿಗತ್ತೆ, ಹೊಂದ್ಕೊಳ್ಳೋಕೆ ಇನ್ನೂ ಸಮಯ. ಕೊಳೆ ಔಷಧಿ ಮುಗಿದ ಮೇಲೆ, ಅದೇ ಗೈಡ್ ಬರೋದಾದ್ರೆ ಮಾತ್ರ ಅಂತ ಕಂಪನಿಗೆ ಈಗ್ಲೇ ಹೇಳಿಟ್ಟಿದ್ದಾರೆ.